ಗಾಡಿಯ ಮೂತಿಯ ತೂಕ

ಹಾಜರಿ ಪುಸ್ತಕದಲ್ಲಿ ಅವನಿಗೆ ಒಳ್ಳೆಯ ಹೆಸರೇ ಇದ್ದಿತು. ಮೂರು ವರ್ಷ, ದಿನಕ್ಕೆ ಎರಡು ಸಲ, ಅದನ್ನು ಕೂಗಿದವನು ನಾನೇ. ಆದರೆ ಆ ಹೆಸರು ಹಿಡಿದು ವಿಚಾರಿಸಿದರೆ ಊರಿನಲ್ಲಿ ಯಾರೂ ಅವನ ವೆಲ್ಡಿಂಗ್ ಶೆಡ್ಡನ್ನು ತೋರಿಸುತ್ತಿರಲಿಲ್ಲ. "ಆಗಲ್ಲಪ್ಪನ ಶೆಡ್ಡು ಎಲ್ಲಿ?" ಎಂದು ಕೇಳಬೇಕಾಗಿತ್ತು. ಆಗ ಪೆಟ್ರೋಲ್ ಬಂಕಿನವರೂ ಟೈರಿನ ಅಂಗಡಿಯವರೂ ಒಟ್ಟಿಗೆ ಕೈ ಚಾಚಿ, "ಅಗೋ, ಆ ನೀಲಿ ತಗಡಿನ ಗೇಟು" ಎನ್ನುತ್ತಿದ್ದರು. ಯಾವ ಗಿರಾಕಿ ಯಾವ ಕೆಲಸ ತಂದರೂ ಅವನ ಬಾಯಿಂದ ಮೊದಲು ಬೀಳುತ್ತಿದ್ದ ಮಾತು "ಆಗಲ್ಲಪ್ಪ" ಎಂಬುದೇ. ಆಮೇಲೆ ಅರ್ಧ ಗಂಟೆ ಆ ವಸ್ತುವನ್ನು ಸುತ್ತಿ ಸುತ್ತಿ ನೋಡಿ, ನೆಲದ ಮೇಲೆ ಮಲಗಿ ಕೆಳಗಿನಿಂದಲೂ ನೋಡಿ, ಎದ್ದು ಬೆನ್ನಿನ ಧೂಳು ಕೊಡವಿಕೊಂಡು, ಹತ್ತರಲ್ಲಿ ಆರು ಕೆಲಸಗಳನ್ನು ಒಪ್ಪಿಕೊಳ್ಳುತ್ತಿದ್ದನು. ಉಳಿದ ನಾಲ್ಕನ್ನು ದೇವರೇ ಬಂದು ಕೇಳಿದರೂ ಒಪ್ಪುತ್ತಿರಲಿಲ್ಲ.

ಶಾಲೆಯಲ್ಲಿಯೂ ಹಾಗೆಯೇ ಇದ್ದನು. ಬೆಂಚನ್ನು ಒಮ್ಮೆ ಅಲ್ಲಾಡಿಸಿ ನೋಡದೆ ಕುಳಿತವನಲ್ಲ. ಗೆಳೆಯರು ನಗುತ್ತಿದ್ದರು. ಒಂದು ದಿನ ಅವನು ಅಲ್ಲಾಡಿಸಿದ ಬೆಂಚಿನ ಕಾಲು ಕಳಚಿ ಕೈಗೇ ಬಂದಿತು. ಅಂದಿನಿಂದ ಯಾರೂ ನಗಲಿಲ್ಲ. ಆ ತರಗತಿಯಲ್ಲಿ ಅವನಿಗಿಂತ ಬುದ್ಧಿವಂತರು ಹತ್ತು ಮಂದಿ ಇದ್ದರು. ಅವನಷ್ಟು ಎಚ್ಚರದವನು ಇನ್ನೊಬ್ಬನಿರಲಿಲ್ಲ.

ಅವನ ಶೆಡ್ಡು ಹೆದ್ದಾರಿಯ ಪಕ್ಕದಲ್ಲಿತ್ತು. ಗೇಟು ಕಿಟಕಿ ಕೆಲಸಗಳಿಂದ ಶುರುವಾದದ್ದು, ಕಡೆಯ ಹತ್ತು ವರ್ಷಗಳಲ್ಲಿ ಬಿಡಾರದ ಗಾಡಿಗಳ ಆಸ್ಪತ್ರೆಯಾಗಿತ್ತು. ಕ್ಯಾಂಪಿಂಗ್ ಟ್ರೇಲರ್ ಎನ್ನುವರಲ್ಲ, ಅದು. ಎರಡು ಚಕ್ರದ ಮೇಲೆ ಒಂದು ಪುಟ್ಟ ಕೋಣೆ. ಒಳಗೆ ಎರಡು ಮಂಚ, ಒಂದು ಒಲೆ, ಒಂದು ಕಿಟಕಿ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಿ ಕಾಡಂಚಿನಲ್ಲಿಯೋ ನದಿಯ ದಡದಲ್ಲಿಯೋ ನಿಲ್ಲಿಸಿ, ಮೂರು ದಿನ ಸಂಸಾರ ಹೂಡಿ ಬರುವುದು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ಡರ್ಟ್ ಬೈಕಿನ ಹುಚ್ಚು ಹಿಡಿಯಿತು. ದೀಪವಿಲ್ಲದ, ರಸ್ತೆಯ ಮೇಲೆ ಓಡಿಸಲು ಪರವಾನಗಿ ಇಲ್ಲದ, ಕಲ್ಲುಮಣ್ಣಿನ ಗುಡ್ಡಗಳಲ್ಲಿ ಮಾತ್ರ ಹಾರಾಡುವ ಬೈಕು ಅದು. ಆ ಗುಡ್ಡದವರೆಗೆ ಅದನ್ನು ಹೊತ್ತುಕೊಂಡೇ ಹೋಗಬೇಕು. ಕಾರಿನ ಮೇಲೆ ಹೇರಲಾಗದು. ಬಿಡಾರದ ಒಳಗಿಟ್ಟರೆ ಹಾಸಿಗೆಗೆಲ್ಲ ಪೆಟ್ರೋಲಿನ ವಾಸನೆ. ಉಳಿಯುವುದು ಗಾಡಿಯ ಬೆನ್ನು ಒಂದೇ. ಅಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು ಬೆಸೆದು ಕೊಡಿ ಎಂದು ಎಲ್ಲರೂ ಬರುತ್ತಿದ್ದರು.

"ಆಗಲ್ಲಪ್ಪ."

"ಅಲ್ಲಯ್ಯಾ, ಆ ಕಡೆ ಶೆಡ್ಡಿನೋನು ಎರಡು ಗಂಟೇಲಿ ಮಾಡಿಕೊಡ್ತೀನಿ ಅಂತಾನೆ!"

"ಮಾಡಿಕೊಡ್ತಾನೆ. ಹಿಂದಿನ ಬಂಪರಿಗೆ ಅಂಟಿಸಿ ಕೊಡ್ತಾನೆ. ಆ ಬಂಪರು ಇರೋದು ನೀರಿನ ಪೈಪು ತುರುಕಿಡೋಕೆ, ಬೈಕ್ ಹೊರೋಕಲ್ಲ. ಮೂರನೇ ಗುಂಡೀಲಿ ಬಂಪರು ಸಮೇತ ರಸ್ತೇಲಿ ಬಿದ್ದಿರುತ್ತೆ."

"ಸರಿ, ಗಾಡಿ ಅಡೀ ಚಾಸಿಗೇ ಹಾಕು. ಗಟ್ಟಿಯಾಗಿ ಹಾಕು."

"ಗಟ್ಟಿ ಹಾಕಿದ್ರೆ ಬೈಕ್ ಬೀಳಲ್ಲ ಅಷ್ಟೆ. ನೀವು ಬೀಳಲ್ಲ ಅಂತ ಯಾರು ಹೇಳಿದ್ರು? ಬೈಕ್ ಎಷ್ಟು ಭಾರ ಅನ್ನೋದಲ್ಲ ಸ್ವಾಮಿ, ಎಲ್ಲಿ ಕೂತಿದೆ ಅನ್ನೋದು. ಹಿಂದೆ ಕೂತೋನು ಮುಂದಿನ ಮೂತಿ ಎತ್ತುತ್ತಾನೆ. ಮೂತಿ ಹಗುರಾಯ್ತೋ, ಗಾಡಿ ಕಾರಿನ ಮಾತು ಕೇಳಲ್ಲ. ಎತ್ತು ಏರಿಗೆ, ಕೋಣ ನೀರಿಗೆ."

ಮೂತಿ ಎಂದರೆ ಗಾಡಿಯ ಮುಂತುದಿ, ಕಾರಿನ ಕೊಂಡಿಯ ಮೇಲೆ ಕುಳಿತುಕೊಳ್ಳುವ ಭಾಗ. ಇಡೀ ಗಾಡಿಯ ಭಾರದ ಹತ್ತರಲ್ಲಿ ಒಂದು ಪಾಲಾದರೂ ಆ ಮೂತಿಯ ಮೇಲೆ ಒತ್ತುತ್ತಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದೊಡನೆ ಗಾಡಿ ಅತ್ತಿತ್ತ ಬೀಸತೊಡಗುತ್ತದೆ. ಇದನ್ನು ಅಳೆಯಲು ಅವನು ಒಂದು ಉಪಾಯ ಮಾಡಿಕೊಂಡಿದ್ದನು. ಮುಚ್ಚಿಹೋದ ದವಾಖಾನೆಯೊಂದರಿಂದ ತಂದ, ಮನುಷ್ಯರು ನಿಂತು ತೂಗಿಸಿಕೊಳ್ಳುವ ಮುಳ್ಳಿನ ತಕ್ಕಡಿ. ಅದರ ಮೇಲೆ ಮೊಳಕಾಲೆತ್ತರದ ಮರದ ತುಂಡು. ಆ ತುಂಡಿನ ಮೇಲೆ ಗಾಡಿಯ ಮೂತಿ. "ಪೂರ್ತಿ ಸಂಸಾರ ಕಟ್ಕೊಂಡು ಬನ್ನಿ" ಎಂದು ಗಿರಾಕಿಗಳಿಗೆ ಹೇಳಿ ಕಳುಹಿಸುತ್ತಿದ್ದನು. ಹಾಸಿಗೆ, ಪಾತ್ರೆ, ಗ್ಯಾಸು, ಕೊಡೆ, ಮಕ್ಕಳ ಆಟಿಕೆ, ಎಲ್ಲವನ್ನೂ ಪ್ರಯಾಣಕ್ಕೆ ಹೊರಟಂತೆಯೇ ತುಂಬಿ ತಂದರೆ ಮಾತ್ರ ತೂಗುವನು. ಸರಿ ಬಂದರೆ ಬೆಸೆಯುವನು. ಬೆಸೆದ ಮೇಲೆ ಕೆಂಪು ಬಣ್ಣದಲ್ಲಿ ಮೂತಿಯ ಪಕ್ಕದ ತಗಡಿನ ಮೇಲೆ ದುಂಡಗೆ ಬರೆಯುವನು: ಹಿಂದೆ ಇಷ್ಟೇ ಭಾರ, ಮುಂದಿನಿಂದ ಇದನ್ನು ತೆಗೆಯಬಾರದು, ವೇಗ ಇಷ್ಟಕ್ಕೆ ಮೀರಬಾರದು. ಅಕ್ಷರಗಳು ಮುದ್ದಾಗಿರುತ್ತಿದ್ದವು. ಅದೊಂದು ನನ್ನ ಕೈಯಿಂದ ಹೋದದ್ದು ಎಂದು ನನಗೆ ಒಳಗೊಳಗೇ ಹೆಮ್ಮೆ.

"ಏನಯ್ಯಾ ಇದು, ಶಾಸನ ಕೆತ್ತಿಸ್ತಿದೀಯಾ?" ಎಂದು ಗಿರಾಕಿಗಳು ಗೇಲಿ ಮಾಡುತ್ತಿದ್ದರು.

"ನಿಮಗೆ ಮರೆವು ಜಾಸ್ತಿ. ತಗಡಿಗೆ ಮರೆವಿಲ್ಲ" ಎನ್ನುವನು.

ಅವನಿಗೆ ಮದುವೆಯಾಗಲಿಲ್ಲ. ತಾಯಿ ತೀರಿಕೊಂಡಾಗ ಅವನಿಗೆ ಹದಿನೇಳು, ತಂಗಿಗೆ ಒಂಬತ್ತು. ತಂಗಿಯ ಜಡೆ ಹೆಣೆದು ಶಾಲೆಗೆ ಕಳುಹಿಸಿ ಆಮೇಲೆ ಕೆಲಸಕ್ಕೆ ಹೋಗುತ್ತಿದ್ದನು. ಜಡೆ ಮಾತ್ರ ವೆಲ್ಡಿಂಗ್ ಮಾಡಿದಷ್ಟು ಬಿಗಿಯಾಗಿರುತ್ತಿತ್ತು. ಅವಳೂ ನನ್ನ ವಿದ್ಯಾರ್ಥಿನಿಯೇ. ಕಣ್ಣಿನಲ್ಲಿ ಕಣ್ಣಿಟ್ಟು ಪಾಠ ಕೇಳುವವಳು. ತಿಳಿಯದಿದ್ದರೆ ತಿಳಿಯಿತೆಂದು ತಲೆಯಾಡಿಸುವವಳಲ್ಲ. ಮುಂದೆ ಹೊಲಿಗೆ ಕಲಿತಳು. ಬಸ್ ಡಿಪೋದ ಚಾಲಕನೊಬ್ಬನನ್ನು ಮದುವೆಯಾದಳು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷೀನು ಹಾಕಿ ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ಗಂಡ ನಗುಮುಖದವನು, ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿಯೂ ಒಂದು ಗೀರು ಬೀಳಿಸದವನು. ಅವನನ್ನು ಆಗಲ್ಲಪ್ಪ "ಡ್ರೈವರ್ ಸಾಹೇಬ್ರೇ" ಎಂದು ಕರೆದರೆ, ಅವನು "ಏನಪ್ಪಣೆ ಭಾವ?" ಎಂದು ಕೈಕಟ್ಟಿ ನಿಲ್ಲುತ್ತಿದ್ದನು. ಅವರಿಗೆ ಒಬ್ಬಳೇ ಮಗಳು. ಸೋದರಮಾವ ಇಟ್ಟ ಹೆಸರು ಗುಬ್ಬಿ.

ಆ ಗುಬ್ಬಿಗೆ ಡರ್ಟ್ ಬೈಕಿನ ಹುಚ್ಚು. ಹದಿನಾರನೆಯ ವಯಸ್ಸಿಗೆ ಡಿಪೋದ ಹಿಂದಿನ ಮಣ್ಣುಗುಡ್ಡೆಯಲ್ಲಿ ಅಪ್ಪನೇ ಕಲಿಸಿದನು. ಹದಿನೇಳಕ್ಕೆ ಒಂದು ಪೈಪೋಟಿಯಲ್ಲಿ ಮೂರನೆಯವಳಾಗಿ ಬಂದಳು; ಮುಂದಿದ್ದ ಇಬ್ಬರೂ ಅವಳಿಗಿಂತ ಐದಾರು ವರ್ಷ ದೊಡ್ಡವರು. ಅಪ್ಪ ಸಂತೋಷದಲ್ಲಿ ಯಾರೋ ಬಳಸಿ ಬಿಟ್ಟ ಒಂದು ಬಿಡಾರದ ಗಾಡಿಯನ್ನು ಕೊಂಡು ತಂದನು. ದೂರದ ಗುಡ್ಡಗಳಲ್ಲಿ ಮೂರು ದಿನದ ಪೈಪೋಟಿಗಳು ನಡೆಯುತ್ತವೆ, ಮೂವರೂ ಅದರಲ್ಲಿಯೇ ಇಳಿದುಕೊಂಡು ಬರಬಹುದು ಎಂಬುದು ಅವನ ಯೋಜನೆ. ಬೈಕು? ಗಾಡಿಯ ಬೆನ್ನಿನ ಮೇಲೆ. ಸ್ಟ್ಯಾಂಡು ಮಾಡುವವನು ಮನೆಯಲ್ಲಿಯೇ ಇದ್ದಾನಲ್ಲ!

"ಆಗಲ್ಲಪ್ಪ" ಎಂದನು ಆಗಲ್ಲಪ್ಪ.

"ಮಾವ, ನೀನಿನ್ನೂ ನೋಡೇ ಇಲ್ಲ!"

"ನೋಡೋದೇನು? ಗಿಡ್ಡ ಗಾಡಿ, ಹಗುರ ಮೂತಿ. ನಿನ್ನ ಬೈಕ್ ಹಿಂದೆ ಕೂತ್ರೆ ಮುಂದೆ ಮೂತಿ ಆಕಾಶ ನೋಡುತ್ತೆ."

"ಮಾವ, ನಿನ್ನ ಸಮಾಧಿ ಕಲ್ಲಿನ ಮೇಲೂ ಆಗಲ್ಲಪ್ಪ ಅಂತಾನೇ ಬರೆಸ್ತೀನಿ, ನೋಡ್ತಿರು."

"ಬರೆಸು. ಕಲ್ಲು ನೆಟ್ಟಗೆ ನಿಂತಿದ್ಯಾ ಅಂತ ಮೊದಲು ಅಲ್ಲಾಡಿಸಿ ನೋಡು."

ಎರಡು ಸಲ ಹೀಗೆ ನಗುತ್ತ ತಳ್ಳಿಹಾಕಿದನು. ಮೂರನೆಯ ಸಲ ತಂಗಿಯೇ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಮಷೀನು ನಿಲ್ಲಿಸಿ ನೇರವಾಗಿ ಎದ್ದು ಬಂದಿದ್ದಳು.

"ಅಣ್ಣ, ನಾನು ನಿನ್ನ ಹತ್ರ ಏನೂ ಕೇಳಿದೋಳಲ್ಲ. ಚಿಕ್ಕೋಳಿದ್ದಾಗ್ಲೂ ಕೇಳ್ಲಿಲ್ಲ. ನಾನು ಎಲ್ಲಿಗೂ ಹೋಗ್ಲಿಲ್ಲ, ಏನೂ ನೋಡ್ಲಿಲ್ಲ. ಅವಳಾದ್ರೂ ಹೋಗ್ಲಿ. ಒಂದೇ ಒಂದ್ಸಲ ಆಗುತ್ತೆ ಅನ್ನು."

ಅವನು ವೆಲ್ಡಿಂಗಿನ ಕಪ್ಪು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದನಂತೆ. ಆಮೇಲೆ, "ನೋಡೋಣ" ಎಂದನು. ಆ ಮಾತನ್ನು ಅವನು ಯಾರಿಗೂ ಆಡಿದವನಲ್ಲ.

ನೋಡಿದನು, ಒಂದು ವಾರ ನೋಡಿದನು. ಹಳೆಯ ಚಾಸಿಗೆ ಉದ್ದಕ್ಕೂ ಚೌಕ ಪೈಪು ಬೆಸೆದು ಬಲಪಡಿಸಿದನು. ಸ್ಟ್ಯಾಂಡು ಮಾಡಿದನು, ಬೈಕಿನ ಎರಡೂ ಚಕ್ರಗಳು ಕೂರುವ ತೊಟ್ಟಿಲು, ನಾಲ್ಕು ಮೂಲೆಗೆ ಬೆಲ್ಟು, ಅಲುಗದಂತೆ ನಡುವೆ ಒಂದು ಕೈ. ಕಬ್ಬಿಣದಲ್ಲಿ ಅಷ್ಟು ಚೆಂದದ ಕೆಲಸವನ್ನು ನಾನು ಕಂಡಿಲ್ಲ. ಕಡೆಗೆ ಮೂವರನ್ನೂ ಕರೆದು, ಪೂರ್ತಿ ಸಂಸಾರ ತುಂಬಿಸಿ, ಬೈಕನ್ನು ಏರಿಸಿ ಮೂತಿಯನ್ನು ತೂಗಿದನು. ತಕ್ಕಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಓದಿದವಳು ಗುಬ್ಬಿ.

"ಎಷ್ಟೇ?"

"ಹನ್ನೊಂದು, ಮಾವ."

"ನೂರಾ ಹನ್ನೊಂದಾ?"

"ಬರೀ ಹನ್ನೊಂದು!"

ಡ್ರೈವರು ತಲೆಯ ಮೇಲೆ ಕೈಹೊತ್ತನು. ಬೇಕಾದದ್ದು ನೂರು ಕಿಲೋದ ಹತ್ತಿರ. ಮೂತಿಯ ಕಡೆಯ ಮಂಚದ ಕೆಳಗೆ ಜಾಗವಿತ್ತು. ಅಲ್ಲಿ ಏನಾದರೂ ಭಾರ ಇಡಬೇಕು. ಆದರೆ ಬರಿಯ ಕಲ್ಲನ್ನು ಹೊತ್ತುಕೊಂಡು ಊರೂರು ತಿರುಗುವವರು ಯಾರು? ಆಗ ಅವನಿಗೆ ಹೊಳೆಯಿತು. ಗಾಡಿಯಲ್ಲಿ ನೀರಿನ ತೊಟ್ಟಿ ಇರಲಿಲ್ಲ. ಹೇಗೂ ನೀರು ಬೇಕೇ ಬೇಕು. ನೂರಿಪ್ಪತ್ತು ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಆ ಮಂಚದ ಕೆಳಗೆ ಕೂರಿಸಿ, ಪಟ್ಟಿ ಬಿಗಿದು, ಹೊರಗಡೆಗೆ ಒಂದು ನಲ್ಲಿ ಇಟ್ಟರೆ ಒಂದೇ ಏಟಿಗೆ ಎರಡು ಕೆಲಸ. ಹಾಗೆಯೇ ಮಾಡಿದನು. ಪೈಪಿನಿಂದ ಡ್ರಮ್ಮಿಗೆ ನೀರು ಬಿಟ್ಟರು. ಗುಬ್ಬಿ ಮುಳ್ಳಿನ ಮೇಲೆ ಕಣ್ಣಿಟ್ಟು ಕೂಗತೊಡಗಿದಳು: "ಮೂವತ್ತು... ಐವತ್ತೈದು... ಎಂಬತ್ತು... ತೊಂಬತ್ತೆಂಟು!" ನಾಲ್ವರೂ ಚಪ್ಪಾಳೆ ತಟ್ಟಿದರು. "ಆಗುತ್ತಪ್ಪ!" ಎಂದು ಡ್ರೈವರು ಭಾವನನ್ನು ತಬ್ಬಿ ಎತ್ತಿಬಿಟ್ಟನು.

ಕೆಂಪು ಬಣ್ಣದ ಡಬ್ಬಿ ಅಲ್ಲಿಯೇ ತಕ್ಕಡಿಯ ಪಕ್ಕದಲ್ಲಿತ್ತು. ಅದನ್ನು ತೆಗೆಯಹೋದಾಗ ತಂಗಿ, "ಅಯ್ಯೋ ಬಿಡಣ್ಣ, ಹೊಸ ಬಣ್ಣ ಹೊಡೆಸಿದೀವಿ. ಮನೆಯೋರಿಗೂ ಶಾಸನ ಬರೀತೀಯಾ?" ಎಂದಳು. ಅವನು ನಕ್ಕು ಡಬ್ಬಿಯನ್ನು ಅಲ್ಲಿಯೇ ಬಿಟ್ಟನು. ಮನೆಯವರಿಗೆ ಯಾರಾದರೂ ಬರೆದು ಕೊಡುತ್ತಾರೆಯೇ? ಹೇಳಿದರೆ ಸಾಲದೆ? ಆದರೆ ಹೇಳಲೂ ಇಲ್ಲ. ಪರರಿಗೆ ಬರೆಯುವಾಗ ಪ್ರತಿಯೊಂದು ಸಾಲಿಗೂ ನಿಂತು, ಇದು ತೆಗೆದರೆ ಏನಾದೀತು, ಅದು ಸೇರಿಸಿದರೆ ಏನಾದೀತು ಎಂದು ಯೋಚಿಸುವುದು ಅವನ ರೂಢಿ. ಆ ಯೋಚನೆಯೆಲ್ಲ ಬರೆಯುವ ಕೈಗೆ ಅಂಟಿಕೊಂಡಿತ್ತು. ಅಂದು ಕೈ ಬರೆಯಲಿಲ್ಲ, ತಲೆ ಯೋಚಿಸಲಿಲ್ಲ. ನೀರು ಕಲ್ಲಲ್ಲ, ಖರ್ಚಾಗುವ ಪದಾರ್ಥ ಎಂಬುದು ಮೂರನೆಯ ತರಗತಿಯ ಮಗುವಿಗೂ ಗೊತ್ತು. ಅಂದು ಆ ನಾಲ್ವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೋಗುವಾಗ ಗಾಡಿ ಹಳಿಯ ಮೇಲೆ ಓಡಿದಂತೆ ಓಡಿತಂತೆ. ಪೈಪೋಟಿಯಲ್ಲಿ ಗುಬ್ಬಿ ಎರಡನೆಯವಳಾದಳು. ಮೂರು ದಿನ ಅಡುಗೆಗೂ ಸ್ನಾನಕ್ಕೂ ಅದೇ ನೀರು. ಹೊರಡುವ ಬೆಳಗ್ಗೆ ಡ್ರಮ್ಮಿನಲ್ಲಿ ಕಾಲು ಭಾಗ ಉಳಿದಿತ್ತು. ಮುಂದೆ ದೊಡ್ಡ ಏರು ಇದೆ, ಅಪ್ಪನ ಹಳೆಯ ಕಾರು ಏದುಸಿರು ಬಿಡುತ್ತದೆ ಎಂದು ಗುಬ್ಬಿ, ಗಾಡಿಯಾದರೂ ಹಗುರಾಗಲಿ ಎಂದು, ನಲ್ಲಿ ತಿರುಗಿಸಿ ಅದನ್ನೂ ಹರಿಯಬಿಟ್ಟಳು. ಏರನ್ನು ಹತ್ತಿದರು. ಆಚೆಯ ಇಳಿಜಾರಿನಲ್ಲಿ ಕಾರು ತಾನಾಗಿ ವೇಗ ಪಡೆಯಿತು. "ನಿಧಾನ ರೀ" ಎಂದಳು ಹೆಂಡತಿ. "ನಾನು ಬಸ್ ಓಡಿಸೋನು ಕಣೇ" ಎಂದನು. "ನಿಧಾನ ಅಂದೆ" ಎಂದು ಮತ್ತೊಮ್ಮೆ ಹೇಳಿದಳು. ವೇಗದ ಮುಳ್ಳು ಅರವತ್ತೈದರಲ್ಲಿತ್ತು, ತನ್ನ ಕಣ್ಣಾರೆ ಕಂಡಳು. ಅಷ್ಟರಲ್ಲಿ ಹಿಂದಿನ ಗಾಡಿ ಬೀಸತೊಡಗಿತು. ಅವನು ಬ್ರೇಕು ಒತ್ತಿದನು. ಗಾಡಿ ಕಾರನ್ನು ಅಡ್ಡ ತಿರುಗಿಸಿ ಎರಡೂ ಒಟ್ಟಿಗೆ ಎಡಕ್ಕೆ ಮಗುಚಿಕೊಂಡವು.

ಗಂಡಹೆಂಡಿರಿಗೆ ಗೀರುಗಾಯ. ಹಿಂದಿನ ಸೀಟಿನಲ್ಲಿದ್ದ ಗುಬ್ಬಿಯ ಎಡಗೈ ಬಾಗಿಲಿಗೂ ರಸ್ತೆಗೂ ನಡುವೆ ಸಿಕ್ಕಿಕೊಂಡಿತು. ವೈದ್ಯರು ನಾಲ್ಕು ಸಲ ಶಸ್ತ್ರಕ್ರಿಯೆ ಮಾಡಿ ಕೈಯನ್ನು ಉಳಿಸಿದರು. ಮೂರು ಬೆರಳುಗಳು ಮಾತ್ರ ಇನ್ನು ಮಡಚುವುದಿಲ್ಲ ಎಂದರು. ಬೈಕಿನ ಕ್ಲಚ್ಚನ್ನು ಹಿಡಿಯಬೇಕಾದ ಬೆರಳುಗಳು ಅವೇ.

ಗಾಡಿ ನುಚ್ಚುನೂರಾಗಿತ್ತು. ಆದರೆ ಅದರ ಬೆನ್ನಿನ ಸ್ಟ್ಯಾಂಡು ಕದಲಿರಲಿಲ್ಲ. ಬೈಕು ನಾಲ್ಕು ಬೆಲ್ಟುಗಳ ನಡುವೆ, ಒಂದು ಗೀರೂ ಇಲ್ಲದೆ, ಹಾಗೆಯೇ ಇತ್ತು.

ಮಾರನೆಯ ದಿನ ಸುದ್ದಿ ತಿಳಿದು ಬಂದ ಆಗಲ್ಲಪ್ಪ ಮೊದಲು ಕೇಳಿದ ಪ್ರಶ್ನೆ, "ಡ್ರಮ್ಮಲ್ಲಿ ನೀರಿತ್ತಾ?" ಎಂಬುದು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಬಾಗಿಲ ಬಳಿ, ಡ್ರೈವರನ್ನು ಪಕ್ಕಕ್ಕೆ ಕರೆದು ಕೇಳಿದನು.

"ಖಾಲಿ ಮಾಡಿದ್ವಿ ಭಾವ. ಕೊನೇದನ್ನ ಗುಬ್ಬೀನೇ ಬಿಟ್ಳು. ಯಾಕೆ?"

ಆಗಲ್ಲಪ್ಪ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದನು. ತಪ್ಪು ನನ್ನದು, ಬರೆಯಲಿಲ್ಲ, ಹೇಳಲಿಲ್ಲ, ಈಗಲೇ ಹೋಗಿ ತಂಗಿಗೆ ಹೇಳುತ್ತೇನೆ ಎಂದು ಹೊರಟನು. ಡ್ರೈವರು ಅವನ ರಟ್ಟೆಯನ್ನು ಹಿಡಿದುಕೊಂಡನು.

"ನೀವು ಹೇಳಿದ್ರೆ ಅದು ಗುಬ್ಬಿ ಕಿವಿಗೆ ಬೀಳುತ್ತೆ. ನಲ್ಲಿ ತಿರುಗಿಸಿದ್ದು ಅವಳು ಭಾವ. ತನ್ನ ಕೈಯನ್ನ ತಾನೇ ಕಳಕೊಂಡೆ ಅಂತ ಜೀವಮಾನವೆಲ್ಲ ಕೂತು ಅಳ್ತಾಳೆ. ನೀವು ನಿಮ್ಮ ತಪ್ಪು ಅಂತ ಸಾವಿರ ಸಲ ಹೇಳಿ, ಅವಳು ಒಪ್ತಾಳಾ? ಬಾಯಿ ಮುಚ್ಕೊಂಡಿರಿ. ನಾನು ಜೋರಾಗಿ ಓಡಿಸ್ದೆ. ಅಷ್ಟೇ ಇರ್ಲಿ."

ಅಷ್ಟೇ ಇತ್ತು. ಪೊಲೀಸರೂ ಹಾಗೆಯೇ ಬರೆದುಕೊಂಡರು. ತಂಗಿ ಗಂಡನೊಡನೆ ಜಗಳವಾಡಲಿಲ್ಲ. ಮಗಳನ್ನು ಮನೆಗೆ ಕರೆತಂದ ದಿನ, ಅವನ ಬಟ್ಟೆಗಳನ್ನು ಇಸ್ತ್ರಿ ಮಾಡಿ, ಮಡಿಸಿ, ಬಾಗಿಲ ಹತ್ತಿರ ಇಟ್ಟಳು. "ಎರಡು ಸಲ ಹೇಳಿದೆ. ಮೂರನೇ ಸಲ ಹೇಳೋಕೆ ಟೈಮ್ ಕೊಡ್ಲಿಲ್ಲ ನೀವು" ಎಂದಳು. ಅವನು ಡಿಪೋದ ಹಿಂದೆ ಒಂದು ಕೋಣೆ ಹಿಡಿದನು. ಅವನೇ ಕೇಳಿಕೊಂಡದ್ದರಿಂದ ಸ್ಟಿಯರಿಂಗು ಬಿಡಿಸಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂರಿಸಿದರು.

ಅಣ್ಣನ ಮೇಲೆ ಮಾತ್ರ ಅವಳ ಪ್ರೀತಿ ಹೆಚ್ಚಾಯಿತು. ದಿನವೂ ಮಧ್ಯಾಹ್ನ ಶೆಡ್ಡಿಗೆ ಊಟದ ಡಬ್ಬಿ ಕಳುಹಿಸತೊಡಗಿದಳು. ಬಂದವರ ಮುಂದೆಲ್ಲ, "ಗಾಡಿ ಹೋಯ್ತು, ಕಾರು ಹೋಯ್ತು, ನಮ್ಮಣ್ಣನ ಬೆಸುಗೆ ಮಾತ್ರ ಬಿಡ್ಲಿಲ್ಲ ನೋಡಿ" ಎನ್ನುವಳು. ಆ ಮಾತು ಕೇಳಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದನು. ಸಂಕೋಚದ ಸ್ವಭಾವ ಎಂದು ಜನ ತಿಳಿದರು. ಡಬ್ಬಿಯ ಊಟವನ್ನು ಮಾತ್ರ ಒಂದು ಅಗುಳು ಬಿಡದೆ ಉಣ್ಣುತ್ತಿದ್ದನು. "ಅದು ಊಟ ಅಲ್ಲ ಮೇಷ್ಟ್ರೇ, ಶಿಕ್ಷೆ. ಮಿಗಿಸಬಾರದು" ಎಂದು ಒಮ್ಮೆ ನನ್ನೊಡನೆ ಅಂದನು.

ಬಿಡಾರದ ಗಾಡಿಗಳ ಕೆಲಸವನ್ನು ಬಿಟ್ಟನು. ಬೈಕು ತಂದವರೊಡನೆ ಈಗ ಅವನು ಆಗಲ್ಲಪ್ಪ ಎಂದು ವಾದಿಸುತ್ತಲೂ ಇರಲಿಲ್ಲ. ತಲೆಯೆತ್ತದೆ ಆಚೆಯ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದನು. ಗುಬ್ಬಿ ಮನೆಯಲ್ಲಿಯೇ ಇದ್ದು ಅಮ್ಮನಿಗೆ ಗುಂಡಿ ಹಚ್ಚಿಕೊಡುತ್ತಿದ್ದಳು. ಬಲಗೈಯಿಂದ ಸೂಜಿ, ಎಡಗೈಯ ಮಣಿಕಟ್ಟಿನಿಂದ ಬಟ್ಟೆ ಅದುಮಿ ಹಿಡಿಯುವುದು. ಒಂದು ಗುಂಡಿಗೆ ಐದು ನಿಮಿಷ ಹಿಡಿಯುತ್ತಿತ್ತು. ಹೀಗೆ ಎರಡು ವರ್ಷ ನಡೆಯಿತು. ಆ ಎರಡು ವರ್ಷವೂ ಆಗಲ್ಲಪ್ಪನಿಗೆ ಇದ್ದ ಆಸೆ ಒಂದೇ: ಡ್ರೈವರು ಮನೆಗೆ ಮರಳಬೇಕು. ತನ್ನ ಒಂದು ಮಾತಿನಿಂದ ಅದು ಆದೀತು ಎಂದು ಅವನಿಗೆ ಗೊತ್ತು. ಆ ಮಾತನ್ನು ಆಡುವಂತಿಲ್ಲ ಎಂಬುದೂ ಗೊತ್ತು.

ಕಳೆದ ಬೇಸಿಗೆಯಲ್ಲಿ ಡ್ರೈವರು ಜ್ವರ ಬಂದು ಹತ್ತು ದಿನ ಮಲಗಿದನು. ಗುಬ್ಬಿ ಅವನ ಕೋಣೆಗೆ ನೋಡಲು ಹೋದಳು. ಒಂದೇ ಪಾತ್ರೆ, ಒಂದೇ ಲೋಟ, ಹಗ್ಗದ ಮೇಲೆ ಎರಡು ಅಂಗಿ. ಅಲ್ಲಿಂದ ಅವಳು ನೇರವಾಗಿ ಶೆಡ್ಡಿಗೆ ಬಂದಳು. ನಾನು ನನ್ನ ಮನೆಯ ಬಾಗಿಲಿನ ಕೀಲು ಸರಿಮಾಡಿಸಲು ಅಂದು ಅಲ್ಲಿಯೇ ಇದ್ದೆನು.

"ಮಾವ, ನೀರು ಬಿಟ್ಟಿದ್ದಕ್ಕೆ ತಾನೇ ಹಾಗಾಗಿದ್ದು?"

ಅವನ ಕೈಯಲ್ಲಿದ್ದ ಸುತ್ತಿಗೆ ನಿಂತಿತು. "ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ತಕ್ಕಡಿ ಮುಂದೆ ಕೂತು ಹನ್ನೊಂದು ಅಂತ ಓದಿದ್ದು ನಾನಲ್ವಾ? ಆಸ್ಪತ್ರೇಲಿ ಎಚ್ಚರ ಆದ ದಿನವೇ ಗೊತ್ತಾಯ್ತು. ನೀವಿಬ್ರೂ ನನ್ನ ಮುಖ ನೋಡದೆ ಇದ್ರಲ್ಲ, ಆವಾಗ ಇನ್ನೂ ಗಟ್ಟಿಯಾಯ್ತು. ಹೇಳೋಕೆ ಹೆದರಿಕೆ ಆಯ್ತು ಮಾವ. ಅಪ್ಪ ಹೊತ್ಕೊಂಡಿದ್ದಾರೆ, ಹೊತ್ಕೊಳ್ಳಲಿ ಅಂತ ಸುಮ್ನಿದ್ದುಬಿಟ್ಟೆ."

ಅಂದು ಸಂಜೆಯೇ ಅವಳು ಅಮ್ಮನಿಗೆ ಹೇಳಿದಳು. ಅಮ್ಮ ನಂಬಲಿಲ್ಲ. "ಜ್ವರ ಅಂತ ಕರೆಸ್ಕೊಂಡು ಇದನ್ನ ಹೇಳ್ಕೊಟ್ಟು ಕಳಿಸಿದ್ರಾ ನಿಮ್ಮಪ್ಪ? ತಾನು ಬಚಾವಾಗೋಕೆ ಮಗಳ ತಲೆ ಮೇಲೆ ಹಾಕೋ ಮಟ್ಟಕ್ಕೆ ಇಳಿದ್ರಾ?" ಎಂದು ಮೊದಲ ಬಾರಿಗೆ ಕೂಗಾಡಿದಳು. ಮರುದಿನ ಆಗಲ್ಲಪ್ಪನೇ ಹೋದನು. ನಿಂತುಕೊಂಡೇ ಎಲ್ಲವನ್ನೂ ಹೇಳಿದನು. ಅವಳು ಕೇಳಿದ್ದು ಒಂದೇ ಪ್ರಶ್ನೆ:

"ನಿಂಗೆ ಯಾವತ್ತು ಗೊತ್ತಾಯ್ತಣ್ಣ?"

"ಮಾರನೇ ದಿನ."

ಅವಳು ಒಳಗೆ ಹೋದಳು. ಅಂದಿನಿಂದ ಊಟದ ಡಬ್ಬಿ ಬರಲಿಲ್ಲ.

ವಾರ ಬಿಟ್ಟು ಅವನು ನನ್ನ ಮನೆಗೆ ಬಂದನು. "ಅವಳಿಗೆ ಲೆಕ್ಕ ಅರ್ಥವಾಗಿಲ್ಲ ಮೇಷ್ಟ್ರೇ. ಬರೀ ನೀರಿನಿಂದ ಹೇಗೆ ಗಾಡಿ ಮಗುಚುತ್ತೆ ಅಂತ ಅವಳಿಗೆ ಅನುಮಾನ. ತೋರಿಸೋಣ ಅಂದ್ರೆ ಗಾಡಿ ಗುಜರಿಗೆ ಹೋಗಿ ಎರಡು ವರ್ಷ ಆಯ್ತು. ನೀವು ಹೇಳಿದ್ರೆ ಅವಳಿಗೆ ತಿಳಿಯುತ್ತೆ. ತಿಳಿದ್ರೆ ಡ್ರೈವರ್ ಸಾಹೇಬ್ರನ್ನ ಮನೆಗೆ ಕರೀತಾಳೆ" ಎಂದನು. ಮಾಡಿದ ತಪ್ಪನ್ನು ಬಿಡಿಸಿ ಹೇಳಿದರೆ ತೀರಿತು ಎಂದು ಅವನು ನಂಬಿದ್ದನು. ನಲವತ್ತು ವರ್ಷ ಪಾಠ ಹೇಳಿದ ನಾನೂ ಅದನ್ನೇ ನಂಬಿದ್ದೆನು.

ಹೋದೆನು. ಅವನು ಬೀದಿಯ ತಿರುವಿನಲ್ಲಿ, ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತನು. ಅವಳು ನನಗೆ ಕುರ್ಚಿ ಹಾಕಿ, ತಾನು ಮಷೀನಿನ ಸ್ಟೂಲಿನ ಮೇಲೆ ಕುಳಿತಳು. ಗುಬ್ಬಿ ಒಳಗಿದ್ದಳು. ನಾನು ಮೇಜಿನ ಮೇಲಿದ್ದ ಮರದ ಅಳತೆಪಟ್ಟಿಯನ್ನು ನೂಲಿನ ಉಂಡೆಯ ಮೇಲೆ ಅಡ್ಡಲಾಗಿ ಇಟ್ಟೆನು. ಉಂಡೆ ಚಕ್ರ, ಒಂದು ತುದಿಗೆ ಕತ್ತರಿ, ಅದು ಬೈಕು, ಇನ್ನೊಂದು ತುದಿಗೆ ಸೀಮೆಸುಣ್ಣದ ಡಬ್ಬಿ, ಅದು ನೀರು. ಡಬ್ಬಿಯನ್ನು ಎತ್ತಿದೆನು. ಪಟ್ಟಿಯ ಆ ತುದಿ ಮೇಲಕ್ಕೆದ್ದಿತು. ಅರವತ್ತೈದರ ವೇಗ ಏನೂ ಹೆಚ್ಚಲ್ಲ, ಮೂತಿಯ ಮೇಲೆ ಭಾರವಿದ್ದಿದ್ದರೆ ಎಂಬತ್ತರಲ್ಲಿಯೂ ನೆಟ್ಟಗೆ ಬರುತ್ತಿತ್ತು, ಹೋಗುವಾಗ ಬಂದಿತ್ತಲ್ಲವೆ ಎಂದೆನು. ಅವಳು ಹಿಂದಿನಂತೆಯೇ ಕಣ್ಣಿನಲ್ಲಿ ಕಣ್ಣಿಟ್ಟು ಕೇಳಿದಳು. ನಡುವೆ ಒಂದು ಸಲ, "ಮತ್ತೆ ಬ್ರೇಕ್ ಒತ್ತಿದ್ದು?" ಎಂದಳು. "ಬ್ರೇಕು ಒತ್ತಿದ್ದರಿಂದ ಇನ್ನೂ ಕೆಟ್ಟಿತು. ಆದರೆ ಬಸ್ಸು ಓಡಿಸುವ ಯಾವ ಮನುಷ್ಯನ ಕಾಲೂ ಬ್ರೇಕಿಗೇ ಹೋಗುತ್ತದೆ, ಅಮ್ಮ" ಎಂದೆನು. ತಲೆಯಾಡಿಸಿದಳು.

ಪಾಠ ಮುಗಿಯಿತು. ಅವಳು ಕತ್ತರಿಯನ್ನೂ ಡಬ್ಬಿಯನ್ನೂ ತೆಗೆದು ಅವುಗಳ ಜಾಗದಲ್ಲಿ ಇಟ್ಟಳು.

"ಅರ್ಥವಾಯ್ತು ಮೇಷ್ಟ್ರೇ. ಅಣ್ಣ ಹೇಳಿದಾಗಲೇ ಅರ್ಥವಾಗಿತ್ತು. ನಮ್ಮೆಜಮಾನ್ರದು ತಪ್ಪಿಲ್ಲ."

"ಹಾಗಾದರೆ ಅವನನ್ನು ಕರೆಸಿಕೊಳ್ಳಮ್ಮ."

"ಹೇಗೆ ಕರೀಲಿ? ಎರಡು ವರ್ಷ ನಾನು ಆ ಮನುಷ್ಯನಿಗೆ ಶಾಪ ಹಾಕಿದೀನಿ. ಹಲ್ಲುಜ್ಜೋ ಬ್ರಶ್ ಹಿಡಿದಾಗ, ಬಟ್ಟೆ ಒಗೆದಾಗ, ಅವಳ ಬೆರಳು ನೋಡಿದಾಗಲೆಲ್ಲ. ಅವರು ಸಾಯ್ಲಿ ಅಂತ ಕೂಡ ಅಂದ್ಕೊಂಡಿದೀನಿ. ಮೂರು ಜನಕ್ಕೂ ಗೊತ್ತಿತ್ತು. ಮೂರು ಜನವೂ ನಾನು ಶಾಪ ಹಾಕೋದನ್ನ ನೋಡ್ತಾ ಇದ್ರು. ಅಣ್ಣ ನಾನು ಕಳಿಸಿದ ಊಟ ಉಂಡ. ಒಬ್ಬರಿಗೊಬ್ಬರು ಎಷ್ಟು ಕಾಪಾಡ್ಕೊಂಡ್ರು ನೋಡಿ! ಗುಬ್ಬೀನ ಅವರು, ಅವರ ಮಾತನ್ನ ಅಣ್ಣ, ಎಲ್ಲರೂ ಎಲ್ಲರನ್ನೂ. ನನ್ನನ್ನ ಯಾರು ಕಾಪಾಡಿದ್ರು? ಈಗ ಅವರು ಬಂದು ಈ ಕುರ್ಚೀಲಿ ಕೂತ್ರೆ ನಾನು ಅವರ ಮುಖ ಹೇಗೆ ನೋಡ್ಲಿ? ಕೋಪಕ್ಕಲ್ಲ ಮೇಷ್ಟ್ರೇ. ಕೋಪ ಆಗಿದ್ರೆ ಇಳಿಯೋದು."

ಅವಳು ಮಷೀನಿಗೆ ನೂಲು ಪೋಣಿಸಿಕೊಂಡಳು. ನಾನು ಎದ್ದು ಬಂದೆನು.

ತಿರುವಿನಲ್ಲಿ ಅವನು ದೂರದಿಂದಲೇ ನನ್ನನ್ನು ಕಂಡು ಎದ್ದು ನಿಂತನು.

"ಏನಂದ್ಲು ಮೇಷ್ಟ್ರೇ?"

"ಅರ್ಥವಾಯಿತು ಎಂದಳು."

"ಅರ್ಥವಾಯ್ತಂತಾ!" ಅವನ ಮುಖ ಅರಳಿದ್ದನ್ನು ನಾನು ಎರಡು ವರ್ಷಗಳ ಮೇಲೆ ಕಂಡೆನು. ಅದನ್ನು ಹಾಗೆಯೇ ಬಿಟ್ಟು ಮನೆಗೆ ಹೋಗಬೇಕೆಂದು ನನಗೂ ಅನ್ನಿಸಿತು. ಆದರೆ ಬಸ್ಸು ಬರುವುದರೊಳಗೆ ಉಳಿದದ್ದನ್ನು ಹೇಳಿದೆನು. ಅವನು ಪೂರ್ತಿ ಕೇಳಿದನು.

"ಅದು ಸರಿಯಾಗೇ ಇದೆ" ಎಂದನು ಕಡೆಗೆ. ಬಸ್ಸು ಬಂದು ನಿಂತಿತು. ಡಿಪೋದ ಕಡೆಗೆ ಹೋಗುವ ಬಸ್ಸು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದನು.

"ಇವತ್ತು ನೀವು ಹೋಗ್ತೀರಿ ಅಂತ ನೆನ್ನೆಯೇ ಡ್ರೈವರ್ ಸಾಹೇಬ್ರಿಗೆ ಹೇಳಿದ್ದೆ ಮೇಷ್ಟ್ರೇ. ಬೆಳಗ್ಗೆಯಿಂದ ಬ್ಯಾಗು ಕಟ್ಕೊಂಡು ಕೂತಿದ್ದಾರೆ. ಬಿಚ್ಚಿ ಅಂತ ಈಗ ಹೋಗಿ ಹೇಳ್ಬೇಕು."